ಮುಳಬಾಗಿಲು ಅಂತ ಬರೆದ ಪೊಟ್ಟಣ

ಇದನ್ನು ಬರೆಯಲು ಕೂರುವ ಮೊದಲು ಮೂವರಿಗೆ ಫೋನ್ ಮಾಡಿದೆ. ನನಗೆ ನೆನಪಿರುವುದು ಹೀಗೆ, ಸರಿಯೇ ಎಂದು ಕೇಳಿದೆ. ಮೂವರೂ ತಪ್ಪು ಅಂದರು. ಆದರೆ ಒಬ್ಬೊಬ್ಬರು ಒಂದೊಂದು ಕಡೆ ತಪ್ಪು ಅಂದರು. ಅದಾದ ಮೇಲೆ ಸಮಾಧಾನವಾಯಿತು. ಮೂರು ನೆನಪುಗಳೇ ಒಂದಕ್ಕೊಂದು ಹೊಂದದಿರುವಾಗ ನಾಲ್ಕನೆಯದನ್ನು ಸೇರಿಸಲು ನಾನೇಕೆ ಹಿಂಜರಿಯಬೇಕು?

ಬರೆಯಿರಿ ಎಂದು ಗಂಟು ಬಿದ್ದವಳು ಶಾಹೀನ. ಕೋಲಾರದ ಹುಡುಗಿ, ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದಳು, ಈಗ ನಾನು ಕೂರುತ್ತಿದ್ದ ಕುರ್ಚಿಯಲ್ಲೇ ಕೂರುತ್ತಾಳೆ. ಅವಳ ಬಳಿಗೆ ಹೊಸಬರು ಬರುತ್ತಾರೆ. ಲ್ಯಾಬಿನ ಮಿಷನ್ ಓಡಿಸುವುದನ್ನು ಚೆನ್ನಾಗಿ ಕಲಿತು ಬಂದಿರುತ್ತಾರಂತೆ, ಎಡವುವುದು ಹೇಗೆ ಎಂದು ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲವಂತೆ. ಆ ವಿಷಯಕ್ಕೆ ಅವಳಿಗೆ ತಕ್ಷಣ ಹೊಳೆದ ಹೆಸರು ನನ್ನದು. ಬಡ್ತಿಗಳ ಬಗ್ಗೆ ಬರೆಯುವುದಿಲ್ಲ. ಬರುವ ಹೊತ್ತಿಗೆ ಬಂದವು, ಅಷ್ಟೆ.

ನಮ್ಮ ಪ್ರಯೋಗಾಲಯ ಕೋಲಾರದ ಹೊರಗಿತ್ತು. ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳುವುದಾದರೆ, ಕೈಗೆ ಬಂದ ಅಣಬೆ ಯಾವ ಜಾತಿಯದು ಎಂದು ಹೇಳುವುದು. ರೈತರು ತರುತ್ತಿದ್ದರು, ಕಾಲೇಜಿನವರು ತರುತ್ತಿದ್ದರು, ಮಳೆಗಾಲದಲ್ಲಿ ಆಸ್ಪತ್ರೆಯಿಂದಲೂ ಬರುತ್ತಿತ್ತು. ಆಸ್ಪತ್ರೆಯಿಂದ ಬರುವುದು ಸಾಮಾನ್ಯವಾಗಿ ಒಗ್ಗರಣೆ ಆದ ಮೇಲಿನ ಸ್ಥಿತಿಯಲ್ಲಿರುತ್ತಿತ್ತು. ಕೆಲವು ಸಲ ತಿಂದಾದ ಮೇಲಿನ ಸ್ಥಿತಿಯಲ್ಲಿ. ಈ ಕೆಲಸಕ್ಕೆ ಬರುವವರು ಮೂಗು ಗಟ್ಟಿ ಮಾಡಿಕೊಂಡು ಬರಬೇಕು.

ನಾನು ಸೇರಿದಾಗ ನಮ್ಮ ಮೇಲಧಿಕಾರಿಯನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅಣಬೆ ಬಂದರೆ ಮೊದಲು ಮೂಸುತ್ತಿದ್ದರು, ಆಮೇಲೆ ಚೂರು ಮುರಿದು ನಾಲಿಗೆ ತುದಿಗೆ ತಾಗಿಸಿ ಉಗಿದು, ಹೆಸರು ಹೇಳಿಬಿಡುತ್ತಿದ್ದರು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಯೂನಿವರ್ಸಿಟಿಯಿಂದ ಹೊಸದಾಗಿ ಬಂದವನು ನಾನು, ಯಾರು ಏನು ಹೇಳಿದರೂ ನಿಜವೇ ಅಂತ ಕೆದಕುವ ಚಟ. ಒಂದು ದಿನ ಒಂದೇ ಅಣಬೆಯನ್ನು ಎರಡಾಗಿ ಸೀಳಿ, ಅರ್ಧ ಬೆಳಿಗ್ಗೆ ಕೊಟ್ಟೆ, ಅರ್ಧ ಮಧ್ಯಾಹ್ನ ಕೊಟ್ಟೆ. ಮೇಷ್ಟ್ರು ಎರಡು ಹೆಸರು ಹೇಳಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟು ತೋರಿಸಿದೆ. ಅವರು ಸಿಟ್ಟಾಗಲಿಲ್ಲ.

"ಬೆಳಿಗ್ಗೆ ತಿಂಡಿ ಆಗಿರ್ಲಿಲ್ಲ ಕಣಯ್ಯಾ," ಅಂದರು.

ಆವತ್ತು ಬಹಳ ಹೆಮ್ಮೆಪಟ್ಟೆ. ಎದುರಿಗಿರುವವರನ್ನು ಅನುಮಾನಿಸುವುದು ನನಗೆ ಅಷ್ಟು ಬೇಗ ಕರಗತವಾಯಿತು. ಅದೇ ಅನುಮಾನವನ್ನು ನನ್ನ ಕಡೆ ತಿರುಗಿಸಲು ಇಡೀ ನೌಕರಿಯೇ ಬೇಕಾಯಿತು.

ಆದರೆ ಮೇಷ್ಟ್ರು ಕಲಿಸಿದ ಒಂದು ಪಾಠ ಈಗಲೂ ಹಳತಾಗಿಲ್ಲ. ಒಂದು ಬಿಳಿ ಹಾಳೆಯ ಅರ್ಧಕ್ಕೆ ಕಪ್ಪು ಇಂಕು ಬಳಿಯುತ್ತಿದ್ದರು. ಅಣಬೆಯ ತೊಟ್ಟು ಕತ್ತರಿಸಿ, ಛತ್ರಿಯನ್ನು ಆ ಕಪ್ಪು ಬಿಳುಪಿನ ಗೆರೆಯ ಮೇಲೆ ಮಲಗಿಸಿ, ಬಟ್ಟಲು ಕವುಚಿ, ಮಾರನೆಯ ದಿನ ನೋಡುವುದು. ಛತ್ರಿಯ ಅಡಿಯಿಂದ ಸಣ್ಣ ಪುಡಿ ಉದುರಿರುತ್ತದೆ. ಅದು ಅಣಬೆಯ ಬೀಜಕಣ. ಬಿಳಿ ಪುಡಿಯಾದರೆ ಕಪ್ಪಿನ ಮೇಲೆ ಕಾಣುತ್ತದೆ, ಬಣ್ಣದ ಪುಡಿಯಾದರೆ ಬಿಳಿಯ ಮೇಲೆ. ಕರೆಂಟು ಬೇಡ, ಕೆಮಿಕಲ್ ಬೇಡ. ಬೇಕಾದದ್ದು ನಾಳೆಯವರೆಗೆ ಕಾಯುವ ತಾಳ್ಮೆ. ನನ್ನ ಬಳಿ ಇಲ್ಲದಿದ್ದದ್ದು ಅದೇ.

ಜೀಪು ಸಿಗದ ದಿನ ಬಸ್ಸಿನಲ್ಲೇ ಹೋಗಿಬರುತ್ತಿದ್ದೆವು. ಮಾಲೂರಿನ ಕಡೆ ನೀಲಗಿರಿ ತೋಪುಗಳಲ್ಲಿ ಮಳೆಯ ನಂತರ ಒಂದು ಕುರೂಪಿ ಅಣಬೆ ಬರುತ್ತದೆ. ನೋಡಿದರೆ ಕುದುರೆ ಲದ್ದಿ ಅನ್ನಬೇಕು. ಒಳಗೆಲ್ಲ ಕಂದು ಪುಡಿ. ಅಂಥ ಏಳೆಂಟನ್ನು ಕೈಚೀಲದಲ್ಲಿ ಹಾಕಿಕೊಂಡು ಮಾಲೂರಿನಲ್ಲಿ ಬಸ್ ಹತ್ತಿದೆ. ನರಸಾಪುರದ ಹತ್ತಿರ ಇರಬೇಕು, ಟಿಕೆಟ್ ಕೊಡಲು ಬಂದ ಕಂಡಕ್ಟರ್ ಕಾಲು ಚೀಲದ ಮೇಲೆ ಬಿತ್ತು. ಒಂದು ಕ್ಷಣ ಬಸ್ಸಿನೊಳಗೆ ಇಟ್ಟಿಗೆ ಗೂಡು ಕುಸಿದ ಹಾಗಾಯಿತು. ಖಾಕಿ ಬಟ್ಟೆಯ ಮೇಲೆ ಬಿದ್ದ ಪುಡಿ ಗೊತ್ತಾಗಲಿಲ್ಲ, ಮೀಸೆಯ ಮೇಲೆ ಗೊತ್ತಾಯಿತು. ಇದೇನ್ ಸಾರ್ ಅಂದರು. ವಿಜ್ಞಾನ ಅಂದೆ. ವಿಜ್ಞಾನನ ಮುಂದಿನ ಸ್ಟಾಪಲ್ಲಿ ಇಳಿಸಿ ಅಂದರು. ನನ್ನನ್ನೂ ಅದರ ಜೊತೆಗೇ ಇಳಿಸಿದರು.

ಇನ್ನು ಪೇಪರಿನ ವಿಷಯಕ್ಕೆ ಬರಬೇಕು. ಮುಂದೆ ಆದದ್ದಕ್ಕೆಲ್ಲ ಅದೇ ಮೂಲ.

ಕಿತ್ತ ಅಣಬೆಯನ್ನು ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವೆತು ಕೊಳೆಯುತ್ತದೆ. ಹಾಗಾಗಿ ಹಳೆಯ ಪೇಪರಿನಲ್ಲಿ ಪೊಟ್ಟಣ ಕಟ್ಟುತ್ತೇವೆ. ಒಳಗೆ ಚೀಟಿ ಬರೆದಿಡಬೇಕು: ಎಲ್ಲಿ, ಯಾವತ್ತು, ಯಾರು. ಮಳೆಯಲ್ಲಿ ನಿಂತು ಚೀಟಿ ಬರೆದರೆ ಇಂಕು ಹರಿಯುತ್ತದೆ, ಹಾಗಾಗಿ ನಾನು ಚೀಟಿಗಳನ್ನು ಸಂಜೆ ಆಫೀಸಿಗೆ ಬಂದು, ನೆನಪು ಮಾಡಿಕೊಂಡು ಬರೆಯುತ್ತಿದ್ದೆ. ನಮ್ಮ ಜೀಪ್ ಡ್ರೈವರ್ ಮುನಿಯಪ್ಪನಿಗೆ ಇದು ಸರಿಕಾಣಲಿಲ್ಲ. ಅವನು ಬಂಗಾರಪೇಟೆ ಕಡೆಯವನು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಗ್ಯಾರೇಜಿನಲ್ಲಿ ಉರ್ದು. ಅವನೇ ಒಂದು ಉಪಾಯ ಹೇಳಿದ. ಮುಳಬಾಗಿಲಲ್ಲಿ ಕಿತ್ತಿದ್ದಕ್ಕೆ ತೆಲುಗು ಪೇಪರ್, ಹೈವೇ ಪಕ್ಕದ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಕೋಲಾರ, ಹುತ್ತೂರಿನ ಕಡೆಯದಕ್ಕೆ ಉರ್ದು ಪೇಪರ್. ಶ್ರೀನಿವಾಸಪುರ, ಮಾಲೂರಿಗೆ ಕನ್ನಡ. ಚೀಟಿ ಒದ್ದೆಯಾಗಲಿ, ಕಳೆಯಲಿ, ಲಿಪಿ ಎಲ್ಲಿಗೆ ಹೋಗುತ್ತದೆ?

ಡಾಕ್ಟರೇಟ್ ಮಾಡಿದವರು ಯಾರೂ ಇದನ್ನು ಯೋಚಿಸಿರಲಿಲ್ಲ. ಹತ್ತಾರು ವರ್ಷ ಹಾಗೇ ನಡೆಸಿದೆವು. ಚೀಟಿಯನ್ನು ಮಾತ್ರ ನಾನು ಸಂಜೆಯೇ ಬರೆಯುತ್ತಿದ್ದೆ.

ಈಗ ಎರಡು ಅಣಬೆಗಳನ್ನು ಪರಿಚಯ ಮಾಡಿಕೊಡಬೇಕು. ಲ್ಯಾಟಿನ್ ಹೆಸರುಗಳನ್ನು ಬರೆದು ಹೆದರಿಸುವುದಿಲ್ಲ, ಆಫೀಸಿನಲ್ಲಿ ನಾವು ಅವನ್ನು ಬಿಳಿಪುಡಿ, ಹಸಿರುಪುಡಿ ಎಂದೇ ಕರೆಯುತ್ತಿದ್ದೆವು. ಹತ್ತಿರದ ಸಂಬಂಧಿಗಳು. ಎರಡೂ ಊಟದ ತಟ್ಟೆಯಷ್ಟು ಅಗಲ ಬಿಚ್ಚಿಕೊಳ್ಳುತ್ತವೆ. ಎರಡಕ್ಕೂ ತಲೆಯ ಮೇಲೆ ಕಂದು ಚಕ್ಕೆ, ಕಾಂಡಕ್ಕೊಂದು ಬಳೆ. ಬಿಳಿಪುಡಿಯನ್ನು ನಮ್ಮ ಕಡೆ ತಿನ್ನುವವರಿದ್ದಾರೆ. ಹಸಿರುಪುಡಿಯನ್ನು ತಿಂದರೆ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಶುರುವಾಗಿ ಡ್ರಿಪ್ ಹಾಕಿಸಿಕೊಳ್ಳಬೇಕಾಗುತ್ತದೆ. ಎಳೆಯದಿದ್ದಾಗ ಎರಡೂ ಅಡಿಭಾಗದಲ್ಲಿ ಬೆಳ್ಳಗೇ ಇರುತ್ತವೆ. ಪುಡಿ ಉದುರುವವರೆಗೆ ಕಣ್ಣಿಗೆ ನಂಬಿಕೆ ಇಲ್ಲ. ಫೋನಿನಲ್ಲಿ ಫೋಟೋ ಕಳಿಸಿ ತಿನ್ನಬಹುದಾ ಸಾರ್ ಎಂದು ಕೇಳುವವರಿಗೆ ಇಂದಿಗೂ ನನ್ನ ಉತ್ತರ ಒಂದೇ, ಬೇಡ.

ಹೀಗಿರುವಾಗ ಡಿಎನ್‌ಎ ಬಂತು. ಒಂದೇ ಪ್ರೆಸ್ಸಿನಲ್ಲಿ ಅಚ್ಚಾದ ಎರಡು ಲಗ್ನಪತ್ರಿಕೆ ಕೈಯಲ್ಲಿ ಹಿಡಿದುಕೊಳ್ಳಿ. ಮೇಲಿನ ಗಣೇಶ ಅದೇ, ಒಕ್ಕಣೆ ಅದೇ, ಅಂಚಿನ ಬಳ್ಳಿಯೂ ಅದೇ. ಬೇರೆ ಇರುವುದು ಕೆಲವೇ ಪದ. ಯಾರ ಮದುವೆ ಅಂತ ತಿಳಿಯಲು ಆ ಪದಗಳಿರುವ ಜಾಗ ನೋಡಿದರೆ ಸಾಕು. ಅಣಬೆಗಳ ಡಿಎನ್‌ಎಯಲ್ಲೂ ಅಂಥ ಒಂದು ಜಾಗವಿದೆ. ನಾಲ್ಕೇ ಅಕ್ಷರಗಳನ್ನು ತಿರುಗಿಸಿ ಮುರುಗಿಸಿ ಬರೆದ ಕೆಲವು ನೂರು ಅಕ್ಷರಗಳ ತುಣುಕು. ಅಕ್ಕಪಕ್ಕದ ಜಾತಿಗಳ ನಡುವೆ ಅದರಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ಬದಲಾಗಿರುತ್ತದೆ. ಅದನ್ನು ಓದಿಸಿ, ಪ್ರಪಂಚದ ಪ್ರಯೋಗಾಲಯಗಳೆಲ್ಲ ತಮ್ಮ ತಮ್ಮದನ್ನು ಸೇರಿಸಿರುವ ಡೇಟಾಬೇಸಿಗೆ ಹಾಕಿದರೆ ಒಂದು ಪಟ್ಟಿ ಬರುತ್ತದೆ. ಹೆಚ್ಚು ಹೊಂದುವುದು ಮೇಲೆ, ಕಡಿಮೆ ಹೊಂದುವುದು ಕೆಳಗೆ.

ಮೊದಮೊದಲು ನಮ್ಮಲ್ಲಿ ಆ ಮಿಷನ್ ಇರಲಿಲ್ಲ. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ತುಂಬಿ ಸಣ್ಣ ಟ್ಯೂಬುಗಳನ್ನು ಬೆಂಗಳೂರಿಗೆ ಕಳಿಸುತ್ತಿದ್ದೆವು. ಮೊದಲ ಫಲಿತಾಂಶ ಬಂದ ದಿನ ಇಡೀ ಆಫೀಸು ಕಂಪ್ಯೂಟರಿನ ಮುಂದೆ ನಿಂತಿತ್ತು. ಪಟ್ಟಿಯ ಮೊದಲ ಸಾಲಿನಲ್ಲಿ ಬಂದದ್ದು ಹಳಸಿದ ಬ್ರೆಡ್ಡಿನ ಮೇಲೆ ಬರುವ ಬೂಷ್ಟು. ಅಣಬೆಗೆ ಬೂಷ್ಟು ಹಿಡಿದಿತ್ತು, ನಾವು ಬಹಳ ಶ್ರದ್ಧೆಯಿಂದ ಬೂಷ್ಟಿನ ಡಿಎನ್‌ಎ ತೆಗೆದಿದ್ದೆವು. ನಿವೃತ್ತಿಗೆ ಹತ್ತಿರವಿದ್ದ ಮೇಷ್ಟ್ರು ಬಗ್ಗಿ ನೋಡಿ, ಮೂಸಿದ್ದರೆ ಗೊತ್ತಾಗುತ್ತಿತ್ತು ಅಂದರು.

ಆಮೇಲೆ ಕೈ ಪಳಗಿತು. ಒಂದು ಮಳೆಗಾಲದಲ್ಲಿ ಒಂದೇ ದಿನ ಎರಡು ಕಡೆ ಹೋಗಿದ್ದೆವು. ಬೆಳಿಗ್ಗೆ ಶ್ರೀನಿವಾಸಪುರದ ಪಕ್ಕದ ಯಲ್ದೂರಿನ ಮಾವಿನ ತೋಪುಗಳು, ಮಧ್ಯಾಹ್ನ ಮುಳಬಾಗಿಲು. ಒಂದು ಕಡೆ ಬಿಳಿಪುಡಿ ಸಿಕ್ಕಿತು, ಇನ್ನೊಂದು ಕಡೆ ಹಸಿರುಪುಡಿ. ಸಂಜೆ ಚೀಟಿ ಬರೆದೆ. ಎರಡು ಟ್ಯೂಬು ಕಳಿಸಿದ್ದರಲ್ಲಿ ಯಲ್ದೂರು ಅಂತ ಬರೆದದ್ದು ಕೈಕೊಟ್ಟಿತು, ಏನೂ ಬರಲಿಲ್ಲ. ಮುಳಬಾಗಿಲು, ಹಸಿರುಪುಡಿ ಅಂತ ಬರೆದದ್ದು ಸೊಗಸಾಗಿ ಬಂತು. ಆದರೆ ಅದರ ಅಕ್ಷರಗಳು ಪ್ರಪಂಚದ ಯಾವ ಹಸಿರುಪುಡಿಗೂ ಹೊಂದಲಿಲ್ಲ. ನಾನು ಹೋಲಿಸಿ ನೋಡಿದ್ದು ಹಸಿರುಪುಡಿಗಳ ಜೊತೆ ಮಾತ್ರ.

ಈ ಜಾಗದಲ್ಲಿ ಒಬ್ಬ ಅನುಮಾನದ ಮನುಷ್ಯ ಏನು ಮಾಡಬೇಕಿತ್ತು? ಪೊಟ್ಟಣ ಬಿಚ್ಚಿ ನೋಡಬೇಕಿತ್ತು. ನಾನು ಮಾಡಿದ್ದು, ಕೋಲಾರ ಸೀಮೆಯ ಹಸಿರುಪುಡಿ ಉಳಿದ ಪ್ರಪಂಚದ್ದಕ್ಕಿಂತ ಬೇರೆಯದೇ ಕವಲು ಎಂದು ಒಂದು ಪ್ರಬಂಧ ಬರೆದದ್ದು. ಒಂದು ಸಭೆಯಲ್ಲಿ ಓದಿದೆ. ಚಪ್ಪಾಳೆ ಬಂತು. ಅಕ್ಷರಗಳನ್ನು ಡೇಟಾಬೇಸಿಗೆ ಸೇರಿಸಿದೆ: ಹಸಿರುಪುಡಿ, ಮುಳಬಾಗಿಲು, ಸಂಗ್ರಹಿಸಿದವರು ನಾನು.

ಮುಳಬಾಗಿಲಿನ ಆ ಮಧ್ಯಾಹ್ನ ನನಗೆ ಚೆನ್ನಾಗಿ ನೆನಪಿತ್ತು. ಮಠದ ಕಡೆಯ ರಸ್ತೆ, ಒಂದು ಬೇಲಿ, ಬೇಲಿಯ ಬುಡದಲ್ಲಿ ಕಂದು ಚಕ್ಕೆಯ ಛತ್ರಿ. ಪ್ರಬಂಧ ಓದುವಾಗ ಆ ಬೇಲಿಯನ್ನೂ ವರ್ಣಿಸಿದ್ದೆ.

ಇದಾಗಿ ಹತ್ತು ವರ್ಷಕ್ಕೂ ಮೇಲಾಗಿತ್ತು. ನನ್ನ ನಿವೃತ್ತಿಗೆ ನಾಲ್ಕು ತಿಂಗಳಿದ್ದಾಗ, ಕೋಲಾರದ ಒಂದು ಛತ್ರದಲ್ಲಿ ನಾಮಕರಣದ ಊಟ ಮಾಡಿದ ಕೆಲವರು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದರು. ಎಲ್ಲರೂ ಹುಷಾರಾದರು, ಆದರೆ ಊಟದಲ್ಲಿ ಅಣಬೆ ಸಾರು ಇತ್ತು ಎಂಬುದು ಹೊರಬಿತ್ತು. ಅಣಬೆ ಮಾರಿದವಳು ಯಲ್ದೂರಿನ ವೆಂಕಟಮ್ಮ. ಮಳೆಗಾಲದಲ್ಲಿ ತೋಪುಗಳಲ್ಲಿ ಅಣಬೆ ಕಿತ್ತು, ಶ್ರೀನಿವಾಸಪುರದ ಬಸ್ ಸ್ಟ್ಯಾಂಡ್ ಪಕ್ಕ ಒಂದು ಗೋಡೆಗೆ ಬೆನ್ನು ಕೊಟ್ಟು ಕೂತು ಮಾರುತ್ತಿದ್ದಳು. ವರ್ಷಗಳಿಂದ ಅದೇ ಜಾಗ. ಅಧಿಕಾರಿಗಳು ಬಂದು ಅವಳ ಬಿದಿರಿನ ಮಂಕರಿಯನ್ನು ಜಪ್ತಿ ಮಾಡಿದರು, ಇನ್ನು ಇಲ್ಲಿ ಕೂರಬೇಡ ಅಂದರು. ಮಂಕರಿಯಲ್ಲಿದ್ದ ಅಣಬೆ ಪ್ಲಾಸ್ಟಿಕ್ ಚೀಲದಲ್ಲಿ ಸೀಲಾಗಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಕರಗಿ ಗಂಜಿಯಾಗಿತ್ತು.

ಪುಡಿ ಉದುರಿಸಲು ಛತ್ರಿಯೇ ಉಳಿದಿರಲಿಲ್ಲ. ಡಿಎನ್‌ಎಗೆ ಗಂಜಿಯಾದರೂ ನಡೆಯುತ್ತದೆ. ಶಾಹೀನ ನಾಜೂಕಾಗಿ ತೆಗೆದು ಓದಿಸಿದಳು. ಪಟ್ಟಿಯ ಮೊದಲ ಸಾಲು ನೂರಕ್ಕೆ ನೂರು ಹೊಂದಿತು: ಹಸಿರುಪುಡಿ, ಮುಳಬಾಗಿಲು. ನನ್ನದೇ ದಾಖಲೆ. ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಯಾಯಿತು. ನನ್ನ ಕೆಲಸ ಒಂದು ಕೇಸಿಗೆ ಉಪಯೋಗಕ್ಕೆ ಬಂತಲ್ಲ ಅಂತ. ಎರಡನೆಯ ಸಾಲು ಏನು ಎಂದು ನಾನೂ ನೋಡಲಿಲ್ಲ, ಅವಳೂ ನೋಡಲಿಲ್ಲ. ವಿಷಕಾರಿ ಎಂದು ವರದಿ ಬರೆದು ಸಹಿ ಹಾಕಿದೆ.

ವರದಿ ಹೋದ ಮೂರನೆಯ ದಿನ ವೆಂಕಟಮ್ಮ ಬಂದಳು. ಮುನಿಯಪ್ಪನೇ ಒಳಗೆ ಕರೆದುಕೊಂಡು ಬಂದ, ಇಬ್ಬರೂ ತೆಲುಗಿನಲ್ಲಿ ಮಾತಾಡಿಕೊಂಡು ಬಂದರು. ಐವತ್ತರ ಆಚೆಯ ಗಟ್ಟಿ ಹೆಂಗಸು. ಕೂರಿ ಅಂದರೆ ಕೂರಲಿಲ್ಲ.

"ವಿಷ ಅಂತ ಬರೆದಿರೋ ಚೀಟಿಗೆ ಸೈನ್ ಹಾಕಿರೋದು ನೀವೇನಾ ಸಾರ್?"

ಹೌದು ಅಂದೆ.

"ಅದೇ ಮಂಕರಿಯಿಂದ ಎತ್ತಿ ನಮ್ಮನೇಲಿ ಸಾರ್ ಮಾಡಿದೀನಿ. ನಾನ್ ತಿಂದೆ, ನನ್ ಮೊಮ್ಮಗ ತಿಂದ. ಬೇಕಾದ್ರೆ ಕರ್ಕೊಂಡ್ ಬರ್ತೀನಿ, ನಿಮ್ ಮಿಷನ್ಗೆ ಹಾಕಿ ನೋಡಿ."

ಕೆಲವರಿಗೆ ಆ ವಿಷ ಅಷ್ಟಾಗಿ ತಟ್ಟುವುದಿಲ್ಲ ಎಂದು ವಿವರಿಸಲು ಹೋದೆ. ಅವಳು ಕೈ ಅಡ್ಡ ಹಿಡಿದಳು. ಸೀಸನ್ ಇರುವುದೇ ಕೆಲವು ವಾರ, ಅದರಲ್ಲಿ ಒಂದು ವಾರ ಹೋಯಿತು. ಅವಳ ಗೋಡೆಯ ಪಕ್ಕ ಈಗ ಹೂವಿನವಳು ಕೂತಿದ್ದಾಳೆ. ಅದೂ ಹೋಗಲಿ, ಬಸ್ಸಿಳಿದವರು ಅವಳನ್ನು ತೋರಿಸಿ ವಿಷದ ವೆಂಕಟಮ್ಮ ಅನ್ನುತ್ತಾರೆ. ಇದನ್ನೆಲ್ಲ ಅಳದೆ, ಲೆಕ್ಕ ಒಪ್ಪಿಸಿದಂತೆ ಹೇಳಿದಳು. ಆಮೇಲೆ ನನ್ನ ಮುಖ ನೋಡಿದಳು.

"ಇದೇ ಅಣಬೆ ನೀವೂ ನನ್ ಹತ್ರ ಇಸ್ಕೊಂಡ್ ಹೋಗಿದ್ರಲ್ಲ ಸಾರ್, ಆವತ್ತು ಒಳ್ಳೇದು ಅಂದ್ರಿ. ಇವತ್ತು ವಿಷ ಹೆಂಗಾಯ್ತು?"

ಯಾವಾಗ ಎಂದು ಕೇಳಿದೆ. ನನಗೆ ಅವಳ ಪರಿಚಯವೇ ಇರಲಿಲ್ಲ.

"ನೀವು ತೋಪಿಗೆ ಬಂದಿದ್ರಿ, ಈ ಅಣ್ಣನ ಜೀಪಲ್ಲಿ. ನಿಮ್ ಪೇಪರೆಲ್ಲ ನೆಂದೋಗಿತ್ತು. ನಾನು ಬೋಂಡ ಕಟ್ಕೊಂಡ್ ಬಂದಿದ್ದ ಪೇಪರ್ ಕಿತ್ಕೊಂಡ್ರಿ. ಅದರಲ್ಲಿ ಹೀರೋ ಫೋಟೋ ಇತ್ತು, ಅರ್ಧ ಪೇಜು. ನನ್ ಮಗಳಿಗೆ ಅಂತ ಇಟ್ಕೊಂಡಿದ್ದೆ. ಆವಾಗ ಅವಳು ಸ್ಕೂಲಿಗೆ ಹೋಗೋಳು. ವಾಪಸ್ ಕೊಡ್ತೀನಿ ಅಂದ್ರಿ, ಕೊಟ್ರಾ?"

ಮುನಿಯಪ್ಪನ ಕಡೆ ನೋಡಿದೆ. ಅವನಿಗೆ ಫೋಟೋ ನೆನಪಿರಲಿಲ್ಲ, ಬೋಂಡ ನೆನಪಿತ್ತು. ಚೆನ್ನಾಗಿತ್ತಂತೆ.

ಅವರಿಬ್ಬರೂ ಹೋದ ಮೇಲೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೂತರೆ ಏಳುವುದು, ಎದ್ದರೆ ಕಿಟಕಿಯವರೆಗೆ ಹೋಗಿ ಬರುವುದು. ನನಗೆ ನೆನಪಿದ್ದದ್ದು ಮುಳಬಾಗಿಲಿನ ಬೇಲಿ. ಅವಳಿಗೆ ನೆನಪಿರುವುದು ಯಲ್ದೂರಿನ ಬೋಂಡ. ಯಲ್ದೂರಿನ ತೋಪಿಗೆ ನಾವು ಹೋದದ್ದು ಮುಳಬಾಗಿಲಿಗೆ ಹೋದ ಆ ಒಂದೇ ದಿನ. ಎರಡರಲ್ಲಿ ಯಾವುದು ಹೆಚ್ಚು ಸ್ಪಷ್ಟ ಎಂದು ತೂಗಿದರೆ ಬೇಲಿಯೇ ಹೆಚ್ಚು ಸ್ಪಷ್ಟ. ಆದರೆ ಆ ಬೇಲಿಯನ್ನು ನಾನು ಎಷ್ಟು ಸಲ, ಎಷ್ಟು ಜನರಿಗೆ ವರ್ಣಿಸಿದ್ದೆ? ಅದು ಕಂಡ ಬೇಲಿಯೋ, ಹೇಳಿ ಹೇಳಿ ಬೆಳೆದ ಬೇಲಿಯೋ?

ಶಾಹೀನಳನ್ನು ಕರೆದು ಹಳೆಯ ಪೊಟ್ಟಣಗಳ ಬೀರು ತೆಗೆಸಿದೆ. ಮುಳಬಾಗಿಲು ಅಂತ ನನ್ನ ಕೈಬರಹದಲ್ಲಿ ಬರೆದಿದ್ದ ಲಕೋಟೆ ಸಿಕ್ಕಿತು. ಲಕೋಟೆಯೊಳಗೆ ಪೇಪರಿನ ಪೊಟ್ಟಣ. ಪೇಪರು ತೆಲುಗು ಆಗಿರಬೇಕಿತ್ತು.

"ಸರ್, ಇದು ಕನ್ನಡ," ಅಂದಳು ಶಾಹೀನ.

ನಿಧಾನವಾಗಿ ಬಿಚ್ಚಿದಳು. ಒಣಗಿ ಸುರುಟಿದ ಛತ್ರಿಯ ಕೆಳಗೆ ಅರ್ಧ ಪುಟದ ಫೋಟೋ. ಆ ಕಾಲದ ಒಬ್ಬ ಸಿನಿಮಾ ನಟ, ಹಣೆಯ ಮೇಲೆ ಇಳಿಬಿಟ್ಟ ದಟ್ಟ ಕಪ್ಪು ಕೂದಲು. ಪೇಪರಿನ ಮೂಲೆಯಲ್ಲಿ ಎಣ್ಣೆ ಕಲೆ. ಅಣಬೆ ಒಣಗುವ ಮೊದಲು ತನ್ನ ಪುಡಿಯನ್ನು ಸರಿಯಾಗಿ ಅವನ ತಲೆಯ ಮೇಲೆಯೇ ಉದುರಿಸಿತ್ತು. ನಟನ ಕೂದಲು ಬೆಳ್ಳಗೆ ನರೆತಿತ್ತು.

ಮೇಷ್ಟ್ರ ಕಪ್ಪು ಹಾಳೆ ಹತ್ತು ವರ್ಷದಿಂದ ನನ್ನ ಬೀರುವಿನಲ್ಲೇ ಇತ್ತು.

ಯಲ್ದೂರು ಅಂತ ಬರೆದಿದ್ದ ಲಕೋಟೆಯನ್ನೂ ತೆಗೆದೆವು. ತೆಲುಗು ಪೇಪರು, ಅಂಚಿನ ಬಿಳಿ ಜಾಗದಲ್ಲಿ ಮಾಸಲು ಹಸಿರು. ಆವತ್ತು ಸಂಜೆ ಎರಡು ಪೊಟ್ಟಣಗಳನ್ನು ಮುಂದಿಟ್ಟುಕೊಂಡು, ಲಿಪಿಯ ಕಡೆ ಕಣ್ಣೂ ಹಾಯಿಸದೆ, ನೆನಪಿನಿಂದ ಚೀಟಿ ಬರೆದಿದ್ದೆ. ಚೀಟಿಗಳು ಅದಲುಬದಲು. ಯಾವ ಅಣಬೆ ಎಲ್ಲಿಯದು ಅನ್ನುವುದು ಮಾತ್ರವಲ್ಲ, ಯಾವುದು ಯಾವುದು ಅನ್ನುವುದೂ.

ಶಾಹೀನ ಕಂಪ್ಯೂಟರಿಗೆ ಹೋಗಿ ವೆಂಕಟಮ್ಮನ ಅಣಬೆಗೆ ಬಂದಿದ್ದ ಪಟ್ಟಿ ತೆಗೆದಳು. ಮೊದಲ ಸಾಲಿನಲ್ಲಿ ನಾನು. ಎರಡನೆಯದು, ಮೂರನೆಯದು, ನಾಲ್ಕನೆಯದು, ಯಾವ ಯಾವುದೋ ದೇಶಗಳ ಬಿಳಿಪುಡಿ, ಬಿಳಿಪುಡಿ, ಬಿಳಿಪುಡಿ. ಪ್ರಪಂಚವೆಲ್ಲ ಒಂದು ಮಾತು ಹೇಳುತ್ತಿತ್ತು, ಮೇಲೆ ಒಬ್ಬ ಮನುಷ್ಯ ಇನ್ನೊಂದು ಹೇಳುತ್ತಿದ್ದ.

"ನಾನು ಕೆಳಗೆ ನೋಡ್ಬೇಕಿತ್ತು ಸರ್," ಅಂದಳು. "ನಿಮ್ಮ ಹೆಸರು ಇತ್ತಲ್ಲ, ಅದಕ್ಕೇ ನೋಡ್ಲಿಲ್ಲ."

ನನ್ನ ನೌಕರಿಯಲ್ಲಿ ಯಾರೂ ನನಗೆ ಇದಕ್ಕಿಂತ ಚುಚ್ಚುವ ಮಾತು ಹೇಳಿಲ್ಲ. ಅವಳು ಚುಚ್ಚಲು ಹೇಳಿದ್ದೂ ಅಲ್ಲ.

ಆಗಿನ ನಮ್ಮ ಮುಖ್ಯಸ್ಥರು ಕೆಟ್ಟವರಲ್ಲ. ಫೈಲು ಶಾಂತವಾಗಿರಬೇಕು ಎಂಬುದು ಅವರ ಆಸೆ. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಾಲ್ಕು ತಿಂಗಳಲ್ಲಿ ಹೋಗ್ತೀರಿ. ಶಾಲು ಹೊದಿಸೋಣ ಅಂತಿದೀವಿ. ಸ್ಯಾಂಪಲ್ ಕೊಳೆತಿತ್ತು, ಖಚಿತವಾಗಿ ಹೇಳೋಕಾಗಲ್ಲ ಅಂತ ಬರೆದ್ರೆ ಆಗಲ್ವಾ? ಅವಳೂ ಬಚಾವು, ನೀವೂ ಬಚಾವು."

ಒಂದು ಕ್ಷಣ ಆಗಬಹುದು ಅನಿಸಿತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಖಚಿತವಿಲ್ಲ ಅಂತ ಬರೆದರೆ ಬಸ್ಸಿಳಿದವರು ಅವಳನ್ನು ಏನೆಂದು ಕರೆಯುತ್ತಾರೆ? ಖಚಿತವಿಲ್ಲದ ವೆಂಕಟಮ್ಮ ಎಂದಂತೂ ಕರೆಯುವುದಿಲ್ಲ. ಜೊತೆಗೆ ಇನ್ನೊಂದಿತ್ತು. ಆ ದಾಖಲೆ ಅಲ್ಲೇ ಇರುತ್ತದೆ. ನಾಳೆ ಇನ್ನೊಂದು ಊರಿನಲ್ಲಿ ಇನ್ನೊಬ್ಬಳ ಮಂಕರಿಗೆ ಅದೇ ಮೊದಲ ಸಾಲು ಬರುತ್ತದೆ. ಅಥವಾ ಯಾರೋ ನನ್ನ ಎರಡು ಚೀಟಿಗಳನ್ನು ನಂಬಿ ಇನ್ನೂ ದೊಡ್ಡ ತಪ್ಪು ಮಾಡುತ್ತಾರೆ.

"ಶಾಲು ಹೊದಿಸಿದ ಮೇಲೆ ಗೊತ್ತಾದ್ರೆ ವಾಪಸ್ ಕೇಳ್ತೀರಾ ಸಾರ್?" ಅಂದೆ.

ನಗಲಿಲ್ಲ ಅವರು. ಆದರೆ ಎರಡೂ ಪೊಟ್ಟಣಗಳಿಂದ ಮತ್ತೆ ಡಿಎನ್‌ಎ ತೆಗೆಯಲಿ, ಈ ಸಲ ನಿಮ್ಮ ಕೈ ತಾಗದಿರಲಿ ಎಂದರು. ಅದು ಸರಿಯಾದ ಮಾತು. ಶಾಹೀನ ಒಬ್ಬಳೇ ಮಾಡಿದಳು. ಹಿಂದೆ ಕೈಕೊಟ್ಟಿದ್ದ ಅಣಬೆಯೂ ಈ ಸಲ ಬಂತು, ಪ್ರಪಂಚದ ಎಲ್ಲ ಹಸಿರುಪುಡಿಗಳ ಜೊತೆ ಅಕ್ಷರ ಅಕ್ಷರ ಹೊಂದಿತು. ಕೋಲಾರ ಸೀಮೆಯ ವಿಶೇಷ ಕವಲು ಎಂಬುದು ಇರಲೇ ಇಲ್ಲ. ವೆಂಕಟಮ್ಮನ ಗಂಜಿಯಲ್ಲಿ ಒಂದು ತೊಟ್ಟು ಗಾಜಿನ ಮೇಲೆ ಹಚ್ಚಿ ಮೈಕ್ರೋಸ್ಕೋಪಿನಲ್ಲೂ ನೋಡಿದೆವು. ಬೀಜಕಣಗಳು ಬಣ್ಣವಿಲ್ಲದೆ ನಿಚ್ಚಳವಾಗಿದ್ದವು. ಮೊದಲ ದಿನವೇ ಮಾಡಬಹುದಾಗಿದ್ದ ಐದು ನಿಮಿಷದ ಕೆಲಸ. ಮೈಕ್ರೋಸ್ಕೋಪಿಗೆ ಕವರ್ ಹಾಕಿತ್ತು, ತೆಗೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ.

ಹಾಗಾದರೆ ನಾಮಕರಣದವರಿಗೆ ಏನಾಯಿತು? ಶಾಹೀನಳೇ ಆ ಛತ್ರಕ್ಕೆ ಹೋದಳು. ಮುಂದಿನ ಹುಲ್ಲುಹಾಸಿನಲ್ಲಿ ಮಳೆಯ ನಂತರ ತಟ್ಟೆಯಗಲದ ಛತ್ರಿಗಳು ಸುತ್ತುಗಟ್ಟಿ ನಿಂತಿದ್ದವು. ಒಂದನ್ನು ತಂದು ಅರ್ಧ ಕಪ್ಪು ಹಾಳೆಯ ಮೇಲೆ ಮಲಗಿಸಿದಳು. ಮಾರನೆಯ ದಿನ ಬಿಳಿಯ ಭಾಗದಲ್ಲಿ ಹಸಿರು. ಅಡುಗೆಯವರು ಮೊದಲು ಇಲ್ಲ ಅಂದರು, ಆಮೇಲೆ ಹೌದು ಅಂದರು. ಜನ ಜಾಸ್ತಿಯಾಗಿ ಮಂಕರಿಯ ಅಣಬೆ ಸಾಲಲಿಲ್ಲ, ಕಣ್ಣೆದುರಿಗೇ ಅದೇ ತರಹದ್ದು ಇತ್ತು, ಕಿತ್ತು ಹಾಕಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಎರಡನ್ನೂ ಒಂದೇ ಅಂದುಕೊಂಡವರ ಪೈಕಿ ಹೆಚ್ಚು ಓದಿದವನು ನಾನೇ.

ಎರಡನೆಯ ವರದಿ ಬರೆದೆ. ಮೊದಲ ವರದಿ ತಪ್ಪು, ಅದಕ್ಕೆ ಕಾರಣ ನಾನು ಹಾಕಿದ ತಪ್ಪು ಚೀಟಿ ಎಂದು ಮೊದಲ ವಾಕ್ಯದಲ್ಲೇ ಹೇಳಿದೆ. ಮುಖ್ಯಸ್ಥರು ಕಾಮಾ ಒಂದನ್ನು ತಿದ್ದಿ ಸಹಿ ಹಾಕಿದರು. ಅದನ್ನು ಮುಚ್ಚಿದ ಲಕೋಟೆಯಲ್ಲಿ ಕಳಿಸಬಹುದಿತ್ತು, ಅವರೇ ಅಧಿಕಾರಿಗಳಿಗೆ ಫೋನ್ ಮಾಡಿ ಓದಿ ಹೇಳಿದರು. ಡೇಟಾಬೇಸಿಗೂ ಬರೆದು ನನ್ನ ದಾಖಲೆಯ ಹೆಸರು ಬದಲಾಯಿಸಿದ್ದಾಯಿತು. ಸಭೆಯಲ್ಲಿ ಚಪ್ಪಾಳೆ ಹೊಡೆದವರಿಗೆ ಹೇಗೆ ತಿಳಿಸುವುದು ಎಂದು ಗೊತ್ತಾಗಲಿಲ್ಲ, ಸಿಕ್ಕಸಿಕ್ಕವರಿಗೆ ಹೇಳಿದೆ. ಶಾಲು ಹೊದಿಸಿದರು. ಚೆನ್ನಾಗಿದೆ, ಇನ್ನೂ ಇದೆ.

ವೆಂಕಟಮ್ಮನ ಮಂಕರಿಯಿಂದ ಓದಿದ ಅಕ್ಷರಗಳನ್ನು ಶಾಹೀನ ಬೇರೆಯದೇ ದಾಖಲೆಯಾಗಿ ಸೇರಿಸಿದಳು. ಬಿಳಿಪುಡಿ, ಯಲ್ದೂರು, ಸಂಗ್ರಹಿಸಿದವರು ವೆಂಕಟಮ್ಮ. ನಿಯಮದ ಪ್ರಕಾರ ಸರಿ, ಕಿತ್ತವಳು ಅವಳೇ.

ಅದನ್ನು ಹೇಳಲೆಂದು ನಾನು, ಶಾಹೀನ, ಮುನಿಯಪ್ಪ ಶ್ರೀನಿವಾಸಪುರಕ್ಕೆ ಹೋದೆವು. ಹೂವಿನವಳು ಒಂದು ಮಾರು ಸರಿದಿದ್ದಳು, ವೆಂಕಟಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಸೀಸನ್ನಿನ ಕೊನೆ. ಮಂಕರಿಯಲ್ಲಿ ಹೆಚ್ಚೇನೂ ಇರಲಿಲ್ಲ, ನಿಂತವರೂ ಇಬ್ಬರೋ ಮೂವರೋ. ಕೊಳ್ಳದೆ ಸುಮ್ಮನೆ ನೋಡುತ್ತಿದ್ದರು. ತಪ್ಪು ನನ್ನದು ಎಂದು ಅವರೆಲ್ಲರ ಮುಂದೆ ಹೇಳಿದೆ. ಅವಳ ಹೆಸರು ಈಗ ಎಲ್ಲ ದೇಶದ ಕಂಪ್ಯೂಟರುಗಳಲ್ಲೂ ಬರುತ್ತದೆ ಅಂದೆ.

"ನಿಮ್ದು?" ಅಂದಳು.

"ನಿಮ್ಮ ಜೊತೆಗೇ ಇದೆ. ತಿದ್ದಿದ್ದೀವಿ."

ಅದರಿಂದ ಅವಳಿಗೆ ವಿಶೇಷ ಸಂತೋಷವಾದಂತೆ ಕಾಣಲಿಲ್ಲ.

"ಅದಿರ್ಲಿ ಸಾರ್. ಪೇಪರ್ ಎಲ್ಲಿ?"

ಪೇಪರು ಪುರಾವೆ, ಬೀರುವಿನಿಂದ ಹೊರಗೆ ಕೊಡುವಂತಿಲ್ಲ ಎಂದು ವಿವರಿಸಿದೆ. ಶಾಹೀನ ತನ್ನ ಬ್ಯಾಗಿನಿಂದ ಒಂದು ಹಾಳೆ ತೆಗೆದಳು. ಆ ಪೇಪರನ್ನು ಸ್ಕ್ಯಾನ್ ಮಾಡಿ, ದೊಡ್ಡದಾಗಿ ಕಲರ್ ಪ್ರಿಂಟ್ ಹಾಕಿಸಿ ತಂದಿದ್ದಳು. ನನಗೆ ಹೇಳಿರಲಿಲ್ಲ. ವೆಂಕಟಮ್ಮ ಅದನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇದೇನಮ್ಮಾ, ಇವನ ತಲೆಯೆಲ್ಲಾ ನರೆತೋಗಿದೆ."

"ಅದು ನಿಮ್ಮ ಅಣಬೆ ಪುಡಿ ಆಂಟಿ," ಅಂದಳು ಶಾಹೀನ.

ವೆಂಕಟಮ್ಮ ಇನ್ನೊಂದು ಸಲ ನೋಡಿದಳು. ಆಮೇಲೆ ನಮ್ಮನ್ನು ಬಿಟ್ಟು, ಕೊಳ್ಳದೆ ನಿಂತಿದ್ದವರ ಕಡೆ ಹಾಳೆಯನ್ನು ತಿರುಗಿಸಿದಳು. "ಬೆಳ್ಳಗಿದೆ, ನೋಡ್ಕೊಳ್ಳಿ," ಅಂದಳು.

ಆ ಹಾಳೆಯನ್ನು ಹಿಂದಿನ ಗೋಡೆಗೆ ಹಾಕಿಕೊಂಡಳು. ಪ್ರತಿ ಮಳೆಗಾಲಕ್ಕೂ ಮನೆಯಿಂದ ತಂದು ಹಾಕುತ್ತಾಳೆ. ಹೇಗೆ ಹಾಕಿದ್ದಾಳೆ ಎಂಬ ಬಗ್ಗೆ ಇವತ್ತು ಬೆಳಿಗ್ಗೆ ಫೋನಿನಲ್ಲಿ ವಾದವಾಯಿತು. ಶಾಹೀನ ದಾರ ಅನ್ನುತ್ತಾಳೆ, ಮುನಿಯಪ್ಪ ಅನ್ನದ ಗಂಜಿ ಅಂಟಿಸಿದ್ದು ಅನ್ನುತ್ತಾನೆ, ನನಗೆ ನೆನಪಿರುವುದು ಒಂದು ಮೊಳೆ. ಮೂರನೆಯ ಫೋನ್ ವೆಂಕಟಮ್ಮನಿಗೇ ಮಾಡಿದೆ. ಮೂರೂ ತಪ್ಪು ಅಂದಳು, ಹೇಗೆ ಅಂತ ಹೇಳಲಿಲ್ಲ, ಬಂದು ನೋಡಿ ಅಂದಳು. ಬೆಳ್ಳಗಿದೆ ಎಂಬುದರಲ್ಲಿ ಮಾತ್ರ ನಾಲ್ವರಿಗೂ ಒಂದೇ ಮಾತು.